ಸ್ಕೈರಿಮ್‌ನ ಅಂತರ್ಯುದ್ಧ: ಪ್ರಮಾಣವಚನದಿಂದ ಕೊನೆಯ ಮುತ್ತಿಗೆಯವರೆಗೆ, ನಡುವೆ ಎಲ್ಲಿಯೂ ಸಿಕ್ಕಿಕೊಳ್ಳದೆ ಮುಗಿಸುವ ಸಮಗ್ರ ಮಾರ್ಗದರ್ಶಿ

ಸ್ಕೈರಿಮ್ ಎಂಬ ವಿಡಿಯೋ ಗೇಮ್ ಆಡುವವರು, ಅದರಲ್ಲಿ ಸಾಮ್ರಾಜ್ಯಕ್ಕೂ ಉಲ್ಫ್ರಿಕ್‌ನ ನಾಯಕತ್ವದ ಸ್ಟಾರ್ಮ್‌ಕ್ಲೋಕ್ ಬಂಡಾಯಗಾರರಿಗೂ ನಡೆಯುವ ಅಂತರ್ಯುದ್ಧದ ಕಥೆಯನ್ನು ಅರ್ಧಕ್ಕೆ ಕೈಬಿಡುವುದು ಶತ್ರು ಬಲಶಾಲಿ ಎಂಬ ಕಾರಣಕ್ಕಲ್ಲ. ವೈಟ್‌ರನ್‌ನ ಯಾರ್ಲ್, ಅಂದರೆ ಪ್ರಾಂತ್ಯದ ಒಡೆಯ, ಬಾಲ್‌ಗ್ರೂಫ್ ಯುದ್ಧದ ಮಾತನ್ನೇ ಎತ್ತುವುದಿಲ್ಲ, ಕೋಟೆಯ ಮುಂದೆ ನಿಂತ ನಮ್ಮ ಸೈನಿಕರು ಕದಲುವುದಿಲ್ಲ, ಶತ್ರುಗಳೆಲ್ಲ ಸತ್ತ ಮೇಲೂ ಪರದೆಯ ಮೇಲಿನ ಶೇಕಡಾವಾರು ಇಳಿಯುವುದಿಲ್ಲ, ಗೆದ್ದ ಮೇಲೆ ಬೇರೆ ಕ್ವೆಸ್ಟ್ (ಆಟದೊಳಗಿನ ಕೆಲಸ) ಕೊಡಬೇಕಾದವರು ಊರಿನಲ್ಲೇ ಇರುವುದಿಲ್ಲ ಎಂಬವೇ ಮತ್ತೆ ಮತ್ತೆ ಕೇಳಿಬರುವ ದೂರುಗಳು. ಇವುಗಳಲ್ಲಿ ಹೆಚ್ಚಿನವು ಕತ್ತಿ ಬೀಸುವುದರಲ್ಲಿ ಆದ ತಪ್ಪುಗಳಲ್ಲ, ಕೆಲಸದ ಕ್ರಮದಲ್ಲಿ ಆದ ತಪ್ಪುಗಳು. ಈ ಕಥಾಸರಣಿಯಲ್ಲಿ ಪ್ರತಿಯೊಂದು ಕ್ವೆಸ್ಟ್ ಹಿಂದಿನದರ ಕೊನೆಯ ಮಾತುಕತೆ ಪೂರ್ತಿಯಾದ ಮೇಲಷ್ಟೇ ತೆರೆದುಕೊಳ್ಳುತ್ತದೆ. ಜತೆಗೆ ಆಟದ ಮುಖ್ಯ ಕಥೆಯೊಂದಿಗೆ ಅದು ಎರಡು ಕಡೆ ಹೆಣೆದುಕೊಂಡಿದೆ. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನೇ ಇಲ್ಲಿ ಹೆಚ್ಚಾಗಿ ವಿವರಿಸಲಾಗಿದೆ. ಕಥೆಯ ತಿರುವುಗಳೂ ಕೊನೆಯೂ ಇದರಲ್ಲಿ ಬರುತ್ತವೆ ಎಂಬುದನ್ನು ಮೊದಲ ಸಲ ಆಡುತ್ತಿರುವವರು ಗಮನಿಸಬೇಕು.

ಶುರುಮಾಡುವ ಮುನ್ನ: ಬೇಕಾದ ಸಿದ್ಧತೆ

ಮೊದಲ ಸಲಕರಣೆ ಸೇವ್ ಫೈಲ್. ಕ್ವಿಕ್‌ಸೇವ್ ಮತ್ತು ಆಟೋಸೇವ್‌ಗಳು ಹೊಸದು ಬಂದಂತೆ ಹಳೆಯದನ್ನು ಅಳಿಸುತ್ತ ಹೋಗುವುದರಿಂದ ಈ ಕಥಾಸರಣಿಗೆ ಅವನ್ನು ನಂಬಿಕೊಳ್ಳಬಾರದು. ಮೆನುವಿಗೆ ಹೋಗಿ ಪ್ರತಿ ಹಂತದ ಆರಂಭದಲ್ಲೂ ಹೊಸದೊಂದು ಸೇವ್ ಮಾಡಿ, ಅದನ್ನು ಯುದ್ಧ ಮುಗಿಯುವವರೆಗೂ ಅಳಿಸದೆ ಇಟ್ಟುಕೊಳ್ಳಿ. ಪ್ರಮಾಣವಚನಕ್ಕೆ ಮುನ್ನ, ಕಿರೀಟವನ್ನು ಒಪ್ಪಿಸುವ ಮುನ್ನ, ವೈಟ್‌ರನ್ ಕದನಕ್ಕೆ ಮುನ್ನ ಮಾಡಿದ ಸೇವ್‌ಗಳು ಅತಿ ಮುಖ್ಯ. ಒಂದು ತಪ್ಪು ಆದ ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುವುದು ಈ ಯುದ್ಧದ ಸ್ವಭಾವ. ಆಗ ಹತ್ತು ನಿಮಿಷ ಹಿಂದಿನ ಸೇವ್‌ನಿಂದ ಏನೂ ಪ್ರಯೋಜನವಾಗುವುದಿಲ್ಲ.

ಆಯುಧದ ವಿಷಯದಲ್ಲಿ ಆಟ ಯಾವ ಲೆವೆಲ್‌ನ ಷರತ್ತನ್ನೂ ಹಾಕುವುದಿಲ್ಲ. ಆದರೂ ಹದಿನೈದನೇ ಲೆವೆಲ್‌ನ ಆಸುಪಾಸಿಗೆ ಬಂದ ಮೇಲೆ ಶುರುಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮುತ್ತಿಗೆಗಳಲ್ಲಿ ನಾಲ್ಕಾರು ಮಂದಿ ಒಟ್ಟಿಗೆ ಮೇಲೆ ಬೀಳುವುದರಿಂದ ಆರೋಗ್ಯದ ಔಷಧಗಳು ಧಾರಾಳವಾಗಿರಬೇಕು, ಗೋಡೆಯ ಮೇಲಿನ ಬಿಲ್ಲುಗಾರರಿಗಾಗಿ ಒಂದು ಬಿಲ್ಲೂ ಬಾಣಗಳೂ ಇರಬೇಕು. ಬಹುಪಾಲು ಕೆಲಸಕ್ಕೆ ಇಷ್ಟು ಸಾಕು.

ಬಿಟ್ಟುಬಿಡಬೇಕಾದ ವಸ್ತುಗಳ ಪಟ್ಟಿ ಇದಕ್ಕಿಂತ ಮುಖ್ಯ. ಸುತ್ತಲಿನ ಎಲ್ಲರಿಗೂ ತಗಲುವ ಮಂತ್ರಗಳನ್ನು ಮುತ್ತಿಗೆಯಲ್ಲಿ ಬಳಸಬೇಡಿ. ಅದರಲ್ಲೂ "ಸ್ಟಾರ್ಮ್ ಕಾಲ್" ಎಂಬ ಘೋಷವನ್ನು ಯುದ್ಧಭೂಮಿಯಲ್ಲಿ ಕೂಗಿದರೆ ಆಕಾಶದಿಂದ ಬೀಳುವ ಸಿಡಿಲು ನಮ್ಮವರು, ಅವರವರು ಎಂದು ನೋಡುವುದಿಲ್ಲ. ಏಟು ತಿಂದ ನಮ್ಮ ಸೈನಿಕರೇ ನಮ್ಮ ಮೇಲೆ ತಿರುಗಿಬೀಳುತ್ತಾರೆ. ಜತೆಗಾರರನ್ನು, ಅಂದರೆ ಫಾಲೋವರ್‌ಗಳನ್ನು, ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ. ಗದ್ದಲದಲ್ಲಿ ನಮ್ಮದೇ ಕತ್ತಿಯ ಏಟಿಗೆ ಅವರು ಸತ್ತರೆ ಆ ನಷ್ಟವನ್ನು ತುಂಬಿಕೊಳ್ಳಲಾಗುವುದಿಲ್ಲ.

ಮೂರನೆಯದು ಊರಿನ ಬಾಕಿ ಕೆಲಸಗಳು. ಯುದ್ಧದಲ್ಲಿ ಪ್ರಾಂತ್ಯವೊಂದು ಕೈಬದಲಾದರೆ ಅಲ್ಲಿನ ಯಾರ್ಲ್ ಮಾತ್ರವಲ್ಲ, ಆಸ್ಥಾನದ ಹಲವರೂ ಗಂಟುಮೂಟೆ ಕಟ್ಟುತ್ತಾರೆ. ಸ್ಟಾರ್ಮ್‌ಕ್ಲೋಕ್ ಪಕ್ಷ ವೈಟ್‌ರನ್ ಗೆದ್ದರೆ ಬಾಲ್‌ಗ್ರೂಫ್‌ನ ಜತೆಗೆ ಐರಿಲೆತ್, ಮನೆ ಮಾರುವ ಪ್ರೊವೆಂಟಸ್ ಮೊದಲಾದವರು ಹೊರಟುಹೋಗಿ ವಿಗ್ನಾರ್ ಗ್ರೇಮೇನ್ ಯಾರ್ಲ್ ಆಗುತ್ತಾನೆ. ಆದ್ದರಿಂದ ಯಾರ್ಲ್‌ಗಳು ಕೊಟ್ಟ ಕ್ವೆಸ್ಟ್‌ಗಳನ್ನು ಮೊದಲೇ ಮುಗಿಸಿ, ವೈಟ್‌ರನ್‌ನ ಬ್ರೀಜ್‌ಹೋಮ್ ಮನೆ ಬೇಕೆಂದಿದ್ದರೆ 5000 ಚಿನ್ನದ ನಾಣ್ಯ ಕೊಟ್ಟು ಆಗಲೇ ಕೊಂಡುಕೊಳ್ಳಿ. ಗ್ರೇಮೇನ್ ಮನೆತನದ ಮಗನನ್ನು ಹುಡುಕುವ "ಮಿಸ್ಸಿಂಗ್ ಇನ್ ಆ್ಯಕ್ಷನ್" ಮತ್ತು ವಿಂಡ್‌ಹೆಲ್ಮ್‌ನ ಕೊಲೆಗಳ ತನಿಖೆಯಾದ "ಬ್ಲಡ್ ಆನ್ ದಿ ಐಸ್" ಎರಡನ್ನೂ ಯುದ್ಧಕ್ಕೆ ಮುನ್ನವೇ ಪೂರೈಸುವುದು ಉತ್ತಮ. ಎರಡನೆಯದು ಯುದ್ಧವಿಲ್ಲದಿದ್ದಾಗಲೂ ಅಲ್ಲಲ್ಲಿ ಮುಗ್ಗರಿಸುವ ಕ್ವೆಸ್ಟ್ ಎಂದು ಹೆಸರಾದದ್ದು. ಊರಿನ ಆಡಳಿತವೇ ಬದಲಾದ ಮೇಲೆ ಅದನ್ನು ಕೈಗೆತ್ತಿಕೊಳ್ಳುವುದು ತೊಂದರೆಯನ್ನು ಕರೆದು ತಂದುಕೊಂಡಂತೆ.

ಹಂತ 1: ಮುಖ್ಯ ಕಥೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು

ಇದನ್ನು ಓದದೆ ಮುಂದೆ ಹಾರಿದವರೇ ಹೆಚ್ಚಾಗಿ ಸಿಕ್ಕಿಕೊಳ್ಳುವುದು. ಮುಖ್ಯ ಕಥೆಯಲ್ಲಿ ಎರಡು ಗಡಿಗಳಿವೆ, ಅಂತರ್ಯುದ್ಧವನ್ನು ಆ ಎರಡರ ನಡುವೆ ಮುಗಿಸಬೇಕು.

ಮೊದಲ ಗಡಿ "ಡ್ರ್ಯಾಗನ್ ರೈಸಿಂಗ್". ವೈಟ್‌ರನ್‌ನ ಪಶ್ಚಿಮದ ಕಾವಲು ಗೋಪುರದ ಬಳಿ ಮಿರ್ಮುಲ್ನಿರ್ ಎಂಬ ಡ್ರ್ಯಾಗನ್ ಅನ್ನು ಕೊಂದು, ಯಾರ್ಲ್‌ನ ಅರಮನೆಯಾದ ಡ್ರ್ಯಾಗನ್ಸ್‌ರೀಚ್‌ಗೆ ಮರಳಿ ಬಾಲ್‌ಗ್ರೂಫ್‌ಗೆ ವರದಿ ಒಪ್ಪಿಸಿದಾಗ ಇದು ಮುಗಿಯುತ್ತದೆ. ಇದು ಮುಗಿಯದ ಹೊರತು ಅಂತರ್ಯುದ್ಧ ವೈಟ್‌ರನ್‌ನ ಹೊಸ್ತಿಲು ದಾಟುವುದಿಲ್ಲ. ಯಾರ್ಲ್ ಮಾತಾಡುತ್ತಿಲ್ಲ ಎಂಬ ದೂರಿನ ಮೂಲ ಬಹಳ ಸಲ ಇದೇ. ಡ್ರ್ಯಾಗನ್ ಸತ್ತಿದೆ ಎಂದಷ್ಟೇ ನೆನಪಿಟ್ಟುಕೊಂಡು, ವರದಿ ಒಪ್ಪಿಸುವುದನ್ನು ಮರೆತವರೂ ಇದ್ದಾರೆ. ಜರ್ನಲ್ ತೆರೆದು ಆ ಕ್ವೆಸ್ಟ್ ಮುಗಿದವುಗಳ ಪಟ್ಟಿಯಲ್ಲಿದೆಯೇ ಎಂದು ಕಣ್ಣಾರೆ ನೋಡಿ.

ಎರಡನೇ ಗಡಿ "ಅಲ್ಡುಯಿನ್ಸ್ ಬೇನ್". ಪರ್ವತದ ತುದಿಯಲ್ಲಿ ಮುಖ್ಯ ಕಥೆಯ ಶತ್ರುವಾದ ಡ್ರ್ಯಾಗನ್ ಅಲ್ಡುಯಿನ್‌ನೊಡನೆ ನಡೆಯುವ ಮೊದಲ ಕಾಳಗದ ನಂತರ, ಡ್ರ್ಯಾಗನ್ಸ್‌ರೀಚ್‌ನಲ್ಲಿ ಡ್ರ್ಯಾಗನ್ ಹಿಡಿಯಲು ಬಾಲ್‌ಗ್ರೂಫ್‌ನ ಅನುಮತಿ ಕೇಳಬೇಕಾಗುತ್ತದೆ. ಯುದ್ಧ ಇನ್ನೂ ನಡೆಯುತ್ತಿದ್ದರೆ ಆತ ಒಪ್ಪುವುದಿಲ್ಲ. ಆಗ ಪರ್ವತದ ಮೇಲಿನ ಆಶ್ರಮವಾದ ಹೈ ಹ್ರೋತ್‌ಗಾರ್‌ನಲ್ಲಿ ಎರಡೂ ಪಕ್ಷಗಳನ್ನು ಕೂರಿಸಿ "ಸೀಸನ್ ಅನೆಂಡಿಂಗ್" ಎಂಬ ಶಾಂತಿಸಭೆ ನಡೆಸಬೇಕಾಗುತ್ತದೆ. ಆ ಸಭೆಯಲ್ಲಿ ಪ್ರಾಂತ್ಯಗಳು ಮೇಜಿನ ಮೇಲೆಯೇ ಕೈಬದಲಾಗುತ್ತವೆ, ಅಲ್ಡುಯಿನ್ ಸಾಯುವವರೆಗೂ ಯುದ್ಧದ ಕ್ವೆಸ್ಟ್‌ಗಳು ತಡೆಹಿಡಿಯಲ್ಪಡುತ್ತವೆ. ಸಭೆಯೇ ಕೆಟ್ಟದ್ದೇನಲ್ಲ, ಮಾತುಕತೆಯ ದೃಷ್ಟಿಯಿಂದ ಅದು ಆಟದ ಉತ್ತಮ ದೃಶ್ಯಗಳಲ್ಲೊಂದು. ಆದರೆ ಯುದ್ಧವನ್ನು ಪೂರ್ತಿಯಾಗಿ, ಮುರಿಯದೆ ಆಡಬೇಕೆಂದಿರುವವರು ಅದಕ್ಕೆ ಮುನ್ನವೇ ಯುದ್ಧ ಮುಗಿಸಿದರೆ ಸಭೆಯ ಅಗತ್ಯವೇ ಬೀಳುವುದಿಲ್ಲ.

ನನ್ನ ಸಲಹೆಯೆಂದರೆ "ಡ್ರ್ಯಾಗನ್ ರೈಸಿಂಗ್" ಮುಗಿಸಿ, ಆ ಆಶ್ರಮದ ಸನ್ಯಾಸಿಗಳಾದ ಗ್ರೇಬಿಯರ್ಡ್‌ಗಳ ಬಳಿ ಹೋಗಿ "ದಿ ವೇ ಆಫ್ ದಿ ವಾಯ್ಸ್" ಮುಗಿಸಿ, ಅಲ್ಲಿಗೆ ಮುಖ್ಯ ಕಥೆಯನ್ನು ನಿಲ್ಲಿಸಿ ಯುದ್ಧಕ್ಕೆ ತಿರುಗಿಕೊಳ್ಳುವುದು.

ಹಂತ 2: ಪಕ್ಷವನ್ನು ಆರಿಸಿಕೊಂಡು ಪ್ರಮಾಣ ಮಾಡುವುದು

ಆಟದ ಮೊದಲಲ್ಲಿ ಹೆಲ್ಗೆನ್ ಪಟ್ಟಣ ಸುಟ್ಟುಹೋಗುವಾಗ ಹಾಡ್ವರ್‌ನ ಜತೆಗೆ ಓಡಿಹೋದರೆ ಸಾಮ್ರಾಜ್ಯದವರು, ರಾಲೋಫ್‌ನ ಜತೆಗೆ ಓಡಿಹೋದರೆ ಸ್ಟಾರ್ಮ್‌ಕ್ಲೋಕ್‌ನವರು ಎಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಆ ಆಯ್ಕೆ ಯಾರನ್ನೂ ಯಾವುದಕ್ಕೂ ಕಟ್ಟಿಹಾಕುವುದಿಲ್ಲ.

ಸಾಮ್ರಾಜ್ಯದ ಸೇನೆ ಸೇರುವವರು ಸಾಲಿಟ್ಯೂಡ್ ನಗರದ ಕ್ಯಾಸಲ್ ಡೌರ್‌ಗೆ ಹೋಗಿ ಲೆಗೇಟ್ ರಿಕ್ಕೆಯನ್ನು ಕಾಣಬೇಕು. ಡಕಾಯಿತರು ಸೇರಿಕೊಂಡಿರುವ ಫೋರ್ಟ್ ಹ್ರಾಗ್‌ಸ್ಟಾಡ್ ಕೋಟೆಯನ್ನು ತೆರವು ಮಾಡುವುದು ಆಕೆ ಕೊಡುವ ಪರೀಕ್ಷೆ. ಹೊರಾಂಗಣದವರನ್ನು ಮುಗಿಸಿ ಹಿಂದಿರುಗಬೇಡಿ, ಒಳಗಿನ ಕೋಣೆಗಳನ್ನೂ ಸೆರೆಮನೆಯ ಭಾಗವನ್ನೂ ನೋಡಿ, ಜರ್ನಲ್‌ನಲ್ಲಿ ಮುಂದಿನ ಸೂಚನೆ ಬಂದ ಮೇಲಷ್ಟೇ ಹೊರಡಿ. ಆಮೇಲೆ ಸಾಮ್ರಾಜ್ಯದ ಸೇನಾಪತಿ ಜನರಲ್ ಟುಲಿಯಸ್‌ನ ಮುಂದೆ ಪ್ರಮಾಣ ಮಾಡಿ, ಕಮ್ಮಾರ ಬೈರಂಡ್‌ನಿಂದ ಸಮವಸ್ತ್ರ ಪಡೆಯಬೇಕು.

ಸ್ಟಾರ್ಮ್‌ಕ್ಲೋಕ್ ಪಕ್ಷಕ್ಕೆ ಸೇರುವವರು ವಿಂಡ್‌ಹೆಲ್ಮ್‌ನ ಪ್ಯಾಲೇಸ್ ಆಫ್ ದಿ ಕಿಂಗ್ಸ್‌ನಲ್ಲಿ ಗಾಲ್ಮರ್ ಸ್ಟೋನ್‌ಫಿಸ್ಟ್‌ನನ್ನು ಕಾಣಬೇಕು. ಆತ ಈಶಾನ್ಯದ ಹಿಮಸಮುದ್ರದಲ್ಲಿರುವ ಸರ್ಪೆಂಟ್‌ಸ್ಟೋನ್ ದ್ವೀಪಕ್ಕೆ ಕಳಿಸಿ ಐಸ್ ವ್ರೈತ್ ಒಂದನ್ನು ಕೊಲ್ಲಲು ಹೇಳುತ್ತಾನೆ. ಗಾಳಿಯಲ್ಲಿ ಹಾವಿನಂತೆ ಹರಿದಾಡುವ ಈ ಹಿಮಜೀವಿಗೆ ಹಿಮದ ಮಂತ್ರಗಳು ನಾಟುವುದೇ ಇಲ್ಲ, ಬೆಂಕಿ ಚೆನ್ನಾಗಿ ನಾಟುತ್ತದೆ. ಕೈಯಲ್ಲೊಂದು ಬೆಂಕಿಯ ಮಂತ್ರ ಇಟ್ಟುಕೊಂಡು, ಹಿಮನಿರೋಧಕ ಔಷಧ ಕುಡಿದು ಹೋದರೆ ಕೆಲಸ ಬೇಗ ಮುಗಿಯುತ್ತದೆ. ನಾರ್ಡ್ ಜನಾಂಗದ ಪಾತ್ರವಾದರೆ ಹಿಮದ ಪೆಟ್ಟು ಹುಟ್ಟಿನಿಂದಲೇ ಅರ್ಧದಷ್ಟು ಕಡಿಮೆ ತಗಲುವುದರಿಂದ ಔಷಧವಿಲ್ಲದಿದ್ದರೂ ನಡೆಯುತ್ತದೆ.

ಎಚ್ಚರಿಕೆಯ ಸೂಚನೆ: ಪ್ರಮಾಣದ ಮಾತುಗಳನ್ನು ಸಾಲು ಸಾಲಾಗಿ ಹೇಳಿಸುವಾಗ ಅವಸರದಿಂದ ಗುಂಡಿ ಒತ್ತಿ ಮಾತುಕತೆಯ ಕಿಟಕಿಯಿಂದ ಹೊರಬಂದರೆ ಪ್ರಮಾಣ ಅರ್ಧಕ್ಕೆ ನಿಲ್ಲುತ್ತದೆ. ಹೊಸ ಕ್ವೆಸ್ಟ್‌ನ ಹೆಸರು ಪರದೆಯ ಮೇಲೆ ಬರುವವರೆಗೆ ಅಲ್ಲಿಂದ ಕದಲಬೇಡಿ.

ಹಂತ 3: ಕೊರ್ವನ್‌ಜಂಡ್ ಮತ್ತು "ಜ್ಯಾಗ್ಡ್ ಕ್ರೌನ್"

ಎರಡೂ ಪಕ್ಷದವರಿಗೆ ಈ ಕ್ವೆಸ್ಟ್ ಒಂದೇ, ಜತೆಗಿರುವ ನಾಯಕರು ಮಾತ್ರ ಬೇರೆ. ವೈಟ್‌ರನ್‌ನ ಈಶಾನ್ಯಕ್ಕಿರುವ ಕೊರ್ವನ್‌ಜಂಡ್ ಎಂಬ ಹಳೆಯ ಸಮಾಧಿಯ ಹೊರಗೆ ರಿಕ್ಕೆ ಅಥವಾ ಗಾಲ್ಮರ್ ತಮ್ಮ ತಂಡದೊಂದಿಗೆ ಕಾಯುತ್ತಿರುತ್ತಾರೆ. ಅವರನ್ನು ಮಾತಾಡಿಸದೆ ಒಳಗೆ ನುಗ್ಗಬೇಡಿ. ಒಳಗಡೆ ಮೊದಲು ಎದುರಾಗುವವರು ಎದುರಾಳಿ ಸೈನಿಕರು, ಆಳಕ್ಕೆ ಇಳಿದ ಮೇಲೆ ಡ್ರೌಗರ್‌ಗಳೆಂಬ ಎದ್ದು ಓಡಾಡುವ ಶವಗಳು.

ಒಂದು ಕಡೆ ನಾಯಕರು ನಿಂತು ಮುಂದೆ ಹೊಂಚು ಹಾಕಿರಬಹುದು, ಬೇರೆ ದಾರಿ ಇದೆಯೇ ನೋಡು ಎನ್ನುತ್ತಾರೆ. ಅವರ ಮಾತಿನಂತೆ ಪಕ್ಕದ ಓಣಿ ಹಿಡಿದು ಮೇಲಕ್ಕೆ ಏರಿದರೆ ಕಾದುಕುಳಿತ ಶತ್ರುಗಳು ಕೆಳಗೆ ಕಾಣಸಿಗುತ್ತಾರೆ. ಮೇಲಿನಿಂದ ಬಾಣ ಬಿಡುವುದು ಸುಲಭ.

ಆಮೇಲೆ ಬರುವುದು ಮೂರು ಉಂಗುರಗಳ ಒಗಟಿನ ಬಾಗಿಲು, ಇಲ್ಲಿ ತಡವರಿಸುವವರು ಬಹಳ. ಯಾರನ್ನೂ ಉತ್ತರ ಕೇಳುವ ಅಗತ್ಯವಿಲ್ಲ. ಎಬೊನಿ ಕ್ಲಾ ಎಂಬ ಕಪ್ಪು ಉಗುರು ಕೈಗೆ ಬಂದ ಮೇಲೆ ಸಾಮಾನುಗಳ ಪಟ್ಟಿ ತೆರೆದು, ಅದನ್ನು ಹತ್ತಿರಕ್ಕೆ ತಂದು ಅಂಗೈಯ ಭಾಗ ಕಾಣುವಂತೆ ತಿರುಗಿಸಿ. ಅಲ್ಲಿ ಮೂರು ಚಿತ್ರಗಳನ್ನು ಕೆತ್ತಲಾಗಿದೆ. ಹೊರಗಿನ ಉಂಗುರದಿಂದ ಒಳಗಿನ ಉಂಗುರದವರೆಗೆ ಅದೇ ಕ್ರಮದಲ್ಲಿ ಚಿತ್ರಗಳನ್ನು ಹೊಂದಿಸಿ, ನಡುವಿನ ರಂಧ್ರಕ್ಕೆ ಉಗುರನ್ನು ಹಾಕಿದರೆ ಬಾಗಿಲು ಇಳಿಯುತ್ತದೆ. ಈ ಆಟದ ಇಂಥ ಬಾಗಿಲುಗಳಿಗೆಲ್ಲ ಇದೇ ಕೀಲಿಕೈ.

ಬಾಗಿಲಿನ ಆಚೆ ಕಬ್ಬಿಣದ ಸರಳುಗಳ ಗೇಟು ಮುಚ್ಚಿರುತ್ತದೆ. ನಿಮ್ಮವರು ಕೆಳಗೆ ಹುಡುಕುತ್ತ ನಿಲ್ಲುತ್ತಾರೆ, ಹಿಡಿಕೆ ಇರುವುದು ಮೇಲ್ಗಡೆ. ಮೆಟ್ಟಿಲು ಹತ್ತಿ ಸೇತುವೆ ದಾಟಿ ಅದನ್ನು ಎಳೆದರೆ ಗೇಟು ತೆರೆಯುವುದರ ಜತೆಗೆ ಡ್ರೌಗರ್‌ಗಳೂ ಏಳುತ್ತವೆ, ಆದ್ದರಿಂದ ಎಳೆಯುವ ಮುನ್ನ ಆರೋಗ್ಯ ತುಂಬಿಸಿಕೊಳ್ಳಿ. ಕೊನೆಯ ಕೋಣೆಯಲ್ಲಿ ಸಿಂಹಾಸನದ ಮೇಲೆ ಕುಳಿತಿರುವವನೇ ರಾಜ ಬೋರ್ಗಾಸ್. ಅವನನ್ನು ಸೋಲಿಸಿ ಕಿರೀಟ ತೆಗೆದುಕೊಂಡ ಮೇಲೆ, ಅದೇ ಭಾಗದಲ್ಲಿರುವ ಅಕ್ಷರಗೋಡೆಯಿಂದ "ಸ್ಲೋ ಟೈಮ್" ಘೋಷದ ಪದವೊಂದನ್ನು ಕಲಿಯಲು ಮರೆಯಬೇಡಿ. ಮತ್ತೆ ಇಷ್ಟು ದೂರ ಬರುವ ಕಷ್ಟ ತಪ್ಪುತ್ತದೆ.

ಈಗ ಇಡೀ ಯುದ್ಧದಲ್ಲೇ ಅತಿ ಮುಖ್ಯವಾದ ಸೇವ್ ಮಾಡಿ. ಪಕ್ಷ ಬದಲಿಸಲು ಇದೇ ಕೊನೆಯ ಅವಕಾಶ. ಟುಲಿಯಸ್‌ನ ಪರವಾಗಿ ಹೋದವರು ಕಿರೀಟವನ್ನು ಉಲ್ಫ್ರಿಕ್‌ಗೆ ಕೊಡಬಹುದು, ಉಲ್ಫ್ರಿಕ್‌ನ ಪರವಾಗಿ ಹೋದವರು ಟುಲಿಯಸ್‌ಗೆ ಕೊಡಬಹುದು. ಒಪ್ಪಿಸಿದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಇಬ್ಬರ ಕಥೆಯನ್ನೂ ಆಡಬೇಕೆಂಬ ಆಸೆಯಿದ್ದರೆ ಈ ಸೇವ್ ಅನ್ನು ಜೋಪಾನ ಮಾಡಿ. ಪ್ರಮಾಣದವರೆಗಿನ ಕೆಲಸವನ್ನು ಮತ್ತೊಮ್ಮೆ ಮಾಡದೆ ಇಲ್ಲಿಂದಲೇ ಎರಡನೇ ಕಥೆ ತೆಗೆದುಕೊಳ್ಳಬಹುದು.

ಹಂತ 4: ವೈಟ್‌ರನ್‌ಗೆ ಸಂದೇಶ

"ಮೆಸೇಜ್ ಟು ವೈಟ್‌ರನ್" ಎಂಬ ಈ ಕ್ವೆಸ್ಟ್‌ನಲ್ಲಿ ಯುದ್ಧವೇ ಇಲ್ಲ, ಇರುವುದೆಲ್ಲ ನಡಿಗೆ ಮತ್ತು ಮಾತು. ಹಾಗಿದ್ದೂ ಹೆಚ್ಚು ಜನ ಸಿಕ್ಕಿಕೊಳ್ಳುವುದು ಇಲ್ಲಿಯೇ.

ಉಲ್ಫ್ರಿಕ್‌ನ ಕಡೆಯವರು ಆತನ ಕೊಡಲಿಯನ್ನು ಬಾಲ್‌ಗ್ರೂಫ್‌ನ ಕೈಗೆ ಕೊಡಬೇಕು. ಯಾರ್ಲ್ ಕೊಡಲಿಯನ್ನು ಇಟ್ಟುಕೊಂಡರೆ ಸಂಧಿ, ಹಿಂದಿರುಗಿಸಿದರೆ ಯುದ್ಧ ಎಂಬುದು ಅದರ ಒಳಾರ್ಥ. ಆತ ಹಿಂದಿರುಗಿಸುತ್ತಾನೆ, ಅದನ್ನು ಹೊತ್ತು ವಿಂಡ್‌ಹೆಲ್ಮ್‌ಗೆ ಮರಳಬೇಕು. ಸಾಮ್ರಾಜ್ಯದವರ ದಾರಿ ಇನ್ನೂ ಉದ್ದ: ಟುಲಿಯಸ್‌ನ ಕಾಗದಪತ್ರಗಳನ್ನು ಬಾಲ್‌ಗ್ರೂಫ್‌ಗೆ ತಲುಪಿಸಿದ ಮೇಲೆ, ಯಾರ್ಲ್ ತನ್ನದೇ ಕೊಡಲಿಯನ್ನು ಉಲ್ಫ್ರಿಕ್‌ಗೆ ಕೊಟ್ಟು ಬರಲು ಕಳಿಸುತ್ತಾನೆ. ಶತ್ರುವಿನ ರಾಜಧಾನಿಗೆ ಹೋಗುವುದು ಹೇಗೆ ಎಂದು ಹೆದರಿ ಬಾಗಿಲಲ್ಲೇ ಕತ್ತಿ ಹಿರಿಯಬೇಡಿ. ಆಯುಧವನ್ನು ಒರೆಯಲ್ಲಿಟ್ಟು ನಡೆದುಹೋದರೆ ಯಾರೂ ತಡೆಯುವುದಿಲ್ಲ. ಉಲ್ಫ್ರಿಕ್ ಅದನ್ನು ತಿರಸ್ಕರಿಸಿದ ಮೇಲೆ ಬಾಲ್‌ಗ್ರೂಫ್‌ನ ಬಳಿಗೆ ಮರಳಬೇಕು.

ಡ್ರ್ಯಾಗನ್ಸ್‌ರೀಚ್‌ನಲ್ಲಿ ಯಾರ್ಲ್ ತನ್ನ ಸಲಹೆಗಾರರೊಡನೆ ನಡೆಸುವ ಸಮಾಲೋಚನೆ ನಿಮ್ಮ ಮಾತುಕತೆಯ ಕಿಟಕಿಯಲ್ಲಿ ಬರುವುದಿಲ್ಲ, ಅವರವರಲ್ಲೇ ನಡೆಯುತ್ತದೆ. ಗುರಿ ತೋರಿಸುವ ಮಾರ್ಕರ್ ಇನ್ನೂ ಯಾರ್ಲ್‌ನ ಮೇಲೆಯೇ ಇದೆಯಲ್ಲ ಎಂದು ಬೇಸತ್ತು ಊರು ಬಿಟ್ಟು ಹೊರಟರೆ ಆ ದೃಶ್ಯ ನಡುವೆ ಕಡಿದುಹೋಗಿ ಕ್ವೆಸ್ಟ್ ತೂಗಾಡುತ್ತದೆ. ಅವರ ಪಕ್ಕದಲ್ಲೇ ನಿಂತು, ಮಾತು ಮುಗಿದು ಯಾರ್ಲ್ ನಿಮ್ಮತ್ತ ತಿರುಗುವವರೆಗೂ ಕಾಯಿರಿ.

ಯಾರ್ಲ್ ಯುದ್ಧದ ಮಾತನ್ನೇ ಎತ್ತದಿದ್ದರೆ ನೋಡಬೇಕಾದವು: "ಡ್ರ್ಯಾಗನ್ ರೈಸಿಂಗ್" ನಿಜಕ್ಕೂ ಮುಗಿದಿದೆಯೇ, "ಸೀಸನ್ ಅನೆಂಡಿಂಗ್" ಜರ್ನಲ್‌ನಲ್ಲಿ ನಡೆಯುತ್ತಿರುವ ಕ್ವೆಸ್ಟ್ ಆಗಿದೆಯೇ, ಆತ ನಿದ್ದೆಯಲ್ಲಿಯೋ ಊಟದಲ್ಲಿಯೋ ಇದ್ದಾನೆಯೇ. ಹಗಲು ಹೊತ್ತಿನವರೆಗೆ ಕಾದು, ಆತ ಸಿಂಹಾಸನದ ಮೇಲೆ ಕುಳಿತಾಗ ಮಾತಾಡಿಸುವುದರಿಂದ ಅರ್ಧಕ್ಕರ್ಧ ತೊಂದರೆಗಳು ತಾವಾಗಿ ಬಗೆಹರಿಯುತ್ತವೆ.

ಹಂತ 5: ವೈಟ್‌ರನ್ ಕದನ

ಕದನದ ಸ್ಥಳಕ್ಕೆ ಹೋಗುವ ಮುನ್ನ ಹೊಸ ಸೇವ್ ಮಾಡಿ. ಒಮ್ಮೆ ಶುರುವಾದ ಮೇಲೆ ಅಲ್ಲಿಂದ ದೂರ ಹೋಗಬಾರದು. ಔಷಧ ತರುತ್ತೇನೆ ಎಂದು ಬೇರೆ ಊರಿಗೆ ಹೋಗಿ ಬಂದವರ ಕದನ ಹಾಗೆಯೇ ಹೆಪ್ಪುಗಟ್ಟಿ ನಿಲ್ಲುವುದುಂಟು.

ಸಾಮ್ರಾಜ್ಯದವರು ನಗರವನ್ನು ರಕ್ಷಿಸುವವರು. ಬಾಗಿಲಿನ ಹೊರಗೆ ಸೈನಿಕರನ್ನು ಉದ್ದೇಶಿಸಿ ನಡೆಯುವ ಭಾಷಣ ಮುಗಿದ ಮೇಲೆ ಅಡ್ಡಗಟ್ಟೆಗಳ ಬಳಿ ನಿಂತು, ಬರುವ ಶತ್ರುಗಳನ್ನು ತಡೆಯಬೇಕು. ಶತ್ರುಬಲ ಎಷ್ಟು ಉಳಿದಿದೆ ಎಂಬುದು ಶೇಕಡಾವಾರಿನಲ್ಲಿ ಕಾಣುತ್ತದೆ. ಇಲ್ಲಿ ಸಾಮಾನ್ಯವಾದ ತಪ್ಪೆಂದರೆ ಶತ್ರುಗಳನ್ನು ಅಟ್ಟಿಸಿಕೊಂಡು ಬಯಲಿಗೆ ಓಡುವುದು. ನೀವು ಅಡ್ಡಗಟ್ಟೆ ಬಿಟ್ಟ ಕೂಡಲೇ ಅದನ್ನು ಕಡಿಯಲು ಬೇರೆಯವರು ಬರುತ್ತಾರೆ. ಗಟ್ಟಿಯಾಗಿ ಒಂದೇ ಜಾಗದಲ್ಲಿ ನಿಲ್ಲಿ, ಶತ್ರುಗಳು ತಾವೇ ನಿಮ್ಮ ಬಳಿಗೆ ಬರುತ್ತಾರೆ.

ಸ್ಟಾರ್ಮ್‌ಕ್ಲೋಕ್‌ನವರು ದಾಳಿ ಮಾಡುವವರು, ಅವರ ಕೆಲಸಕ್ಕೆ ಕ್ರಮ ಬೇಕು. ಗಾಲ್ಮರ್‌ನ ಮಾತು ಮುಗಿದ ಮೇಲೆ ಕವಣೆಯ ಬೆಂಕಿಗುಂಡುಗಳ ನಡುವೆ ಓಡಿ ಅಡ್ಡಗಟ್ಟೆಗಳನ್ನು ಮುರಿಯಬೇಕು. ಅವು ಮಂತ್ರಶಕ್ತಿಯಿಂದ ಕಟ್ಟಿದವಲ್ಲ, ಬರಿಯ ಮರ. ಎರಡು ಕೈಯ ಕೊಡಲಿ ಅಥವಾ ಸುತ್ತಿಗೆ ಇದ್ದರೆ ಬೇಗ ಸೀಳುತ್ತವೆ. ಆಮೇಲೆ ಎತ್ತುಸೇತುವೆ. ಅದನ್ನು ಕೆಳಗಿನಿಂದ ಇಳಿಸಲು ಆಗುವುದಿಲ್ಲ. ಗೋಡೆಯ ಪಕ್ಕದ ದಾರಿಯಲ್ಲಿ ಮೇಲೆ ಹತ್ತಿ ಹಿಡಿಕೆ ಎಳೆಯಬೇಕು. ಸೇತುವೆ ಇಳಿದ ಕೂಡಲೇ ನಿಮ್ಮವರು ಮುನ್ನುಗ್ಗುತ್ತಾರೆ. ಊರೊಳಗೆ ಹೊಕ್ಕ ಮೇಲೆ ಬೀದಿಬೀದಿಯಲ್ಲೂ ನಿಂತು ಹೋರಾಡುವ ಅಗತ್ಯವಿಲ್ಲ, ನೇರ ಡ್ರ್ಯಾಗನ್ಸ್‌ರೀಚ್‌ಗೆ ಏರಿಹೋಗಿ. ಒಳಗೆ ಬಾಲ್‌ಗ್ರೂಫ್ ಖುದ್ದಾಗಿ ಕತ್ತಿ ಹಿಡಿದು ಬರುತ್ತಾನೆ. ಆತನನ್ನು ಕೊಲ್ಲಲು ಆಗುವುದಿಲ್ಲ. ಆರೋಗ್ಯ ತಳ ಮುಟ್ಟಿದಾಗ ಮೊಣಕಾಲೂರಿ ಶರಣಾಗುತ್ತಾನೆ. ಅಲ್ಲಿಗೆ ಕತ್ತಿಯನ್ನು ಒರೆಗೆ ಸೇರಿಸಿ, ಆತನಿಗೂ ವಿಗ್ನಾರ್‌ಗೂ ನಡೆಯುವ ಮಾತನ್ನು ಕೊನೆಯವರೆಗೂ ಕೇಳಿ. ಎಷ್ಟೋ ವರ್ಷಗಳ ಪರಿಚಿತರು ಮುಖಾಮುಖಿಯಾಗುವ ಈ ಮಾತುಕತೆಯೇ ಇಡೀ ಕದನದಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ ಭಾಗ, ಅದನ್ನು ದಾಟಿಸಿ ಹೋಗುವುದು ಕಥೆಗೂ ನಷ್ಟ, ಕ್ವೆಸ್ಟ್‌ಗೂ ಅಪಾಯ.

ಗದ್ದಲದಲ್ಲಿ ನಮ್ಮ ಸೈನಿಕನೊಬ್ಬನಿಗೆ ತಪ್ಪಿ ಏಟು ಬಿದ್ದು ಅವನು ತಿರುಗಿಬಿದ್ದರೆ ಮತ್ತೆ ಹೊಡೆಯಬೇಡಿ. ಆಯುಧವನ್ನು ಒರೆಗಿಟ್ಟು ಕೈ ಕೆಳಗೆ ಬಿಟ್ಟು ನಿಂತರೆ ಹೆಚ್ಚಿನ ಸಂದರ್ಭಗಳಲ್ಲಿ ಅವನು ಸಮಾಧಾನಗೊಳ್ಳುತ್ತಾನೆ.

ಹಂತ 6: ಪ್ರಾಂತ್ಯಗಳ ಸರದಿ

ಇಲ್ಲಿಂದ ಮುಂದೆ ಸೂತ್ರ ಒಂದೇ: ಸೇನಾಪತಿಯ ಬಳಿ ಆದೇಶ ಪಡೆಯುವುದು, ಆ ಪ್ರಾಂತ್ಯದ ಗುಪ್ತ ಶಿಬಿರದಲ್ಲಿ ರಿಕ್ಕೆಯನ್ನೋ ಗಾಲ್ಮರ್‌ನನ್ನೋ ಕಾಣುವುದು, ಹೇಳಿದ ಕೆಲಸ ಮಾಡುವುದು, ಕೋಟೆ ಹಿಡಿಯುವುದು, ಮರಳಿ ವರದಿ ಒಪ್ಪಿಸಿ ಬಡ್ತಿ ಪಡೆಯುವುದು. ಶಿಬಿರ ಪ್ರತಿ ಸಲವೂ ಬದಲಾಗುತ್ತದೆ, ಹಳೆಯ ಶಿಬಿರಕ್ಕೆ ಹೋಗಿ ಯಾರೂ ಇಲ್ಲವೆಂದು ಗಾಬರಿಯಾಗಬೇಡಿ.

ಸಾಮ್ರಾಜ್ಯದವರ ಕ್ರಮ ಹೀಗಿದೆ: ಪೇಲ್ ಪ್ರಾಂತ್ಯದಲ್ಲಿ "ಎ ಫಾಲ್ಸ್ ಫ್ರಂಟ್" ಮತ್ತು ಫೋರ್ಟ್ ಡನ್‌ಸ್ಟಾಡ್, ರಿಫ್ಟ್‌ನಲ್ಲಿ "ಕಂಪೆಲಿಂಗ್ ಟ್ರಿಬ್ಯೂಟ್" ಮತ್ತು ಫೋರ್ಟ್ ಗ್ರೀನ್‌ವಾಲ್, ವಿಂಟರ್‌ಹೋಲ್ಡ್‌ನಲ್ಲಿ ಫೋರ್ಟ್ ಕಾಸ್ಟಾವ್‌ನ ಸೆರೆಯಾಳುಗಳ ಬಿಡುಗಡೆ, ಈಸ್ಟ್‌ಮಾರ್ಚ್‌ನಲ್ಲಿ ಫೋರ್ಟ್ ಆಮೋಲ್, ಕೊನೆಗೆ ವಿಂಡ್‌ಹೆಲ್ಮ್. ಸ್ಟಾರ್ಮ್‌ಕ್ಲೋಕ್‌ನವರದು ಫಾಕ್ರೀತ್‌ನಲ್ಲಿ ಫೋರ್ಟ್ ನ್ಯೂಗ್ರಾಡ್‌ನ ಸೆರೆಯಾಳುಗಳ ಬಿಡುಗಡೆಯಿಂದ ಶುರುವಾಗಿ, ರೀಚ್‌ನಲ್ಲಿ "ಕಂಪೆಲಿಂಗ್ ಟ್ರಿಬ್ಯೂಟ್" ಮತ್ತು ಫೋರ್ಟ್ ಸಂಗಾರ್ಡ್, ಹ್ಯಾಲ್‌ಮಾರ್ಚ್‌ನಲ್ಲಿ "ಎ ಫಾಲ್ಸ್ ಫ್ರಂಟ್" ಮತ್ತು ಫೋರ್ಟ್ ಸ್ನೋಹಾಕ್, ಹಾಫಿಂಗಾರ್‌ನಲ್ಲಿ ಫೋರ್ಟ್ ಹ್ರಾಗ್‌ಸ್ಟಾಡ್, ಕೊನೆಗೆ ಸಾಲಿಟ್ಯೂಡ್.

"ಎ ಫಾಲ್ಸ್ ಫ್ರಂಟ್" ಎಂದರೆ ಶತ್ರುವಿನ ಪತ್ರ ಕದ್ದು, ಅದರ ಬದಲಿಗೆ ಸುಳ್ಳು ಪತ್ರ ತಲುಪಿಸುವುದು. ಪತ್ರವಾಹಕ ಎಲ್ಲಿದ್ದಾನೆಂಬುದನ್ನು ಛತ್ರದವರಿಂದ ತಿಳಿಯಬೇಕು. ಸಾಮ್ರಾಜ್ಯದವರಿಗೆ ಡಾನ್‌ಸ್ಟಾರ್‌ನ ವಿಂಡ್‌ಪೀಕ್ ಅಥವಾ ನೈಟ್‌ಗೇಟ್ ಛತ್ರ, ಎದುರು ಪಕ್ಷಕ್ಕೆ ರೊರಿಕ್‌ಸ್ಟೆಡ್‌ನ ಫ್ರಾಸ್ಟ್‌ಫ್ರೂಟ್ ಅಥವಾ ಡ್ರ್ಯಾಗನ್ ಬ್ರಿಡ್ಜ್‌ನ ಫೋರ್ ಶೀಲ್ಡ್ಸ್. ಕದ್ದ ಪತ್ರವನ್ನು ನೇರವಾಗಿ ಶತ್ರುವಿಗೆ ಕೊಡಲು ಹೋಗುವುದು ಇಲ್ಲಿನ ಸಾಮಾನ್ಯ ತಪ್ಪು. ಮೊದಲು ಶಿಬಿರಕ್ಕೆ ತಂದು, ತಿದ್ದಿದ ಪತ್ರವನ್ನು ಪಡೆದು, ಆಮೇಲೆ ಡಾನ್‌ಸ್ಟಾರ್‌ಗೋ ಮಾರ್ಥಲ್‌ಗೋ ಹೋಗಬೇಕು.

"ಕಂಪೆಲಿಂಗ್ ಟ್ರಿಬ್ಯೂಟ್" ಬೆದರಿಕೆಯ ಕೆಲಸ. ಸಾಮ್ರಾಜ್ಯದವರು ರಿಫ್ಟನ್‌ನ ಮಿಸ್ಟ್‌ವೇಲ್ ಕೀಪ್‌ನಲ್ಲಿ ಆಸ್ಥಾನದ ಮೇಲ್ವಿಚಾರಕಿ ಅನುರಿಯಲ್‌ಳ ಕೋಣೆಯಿಂದ ಆಕೆಗೆ ಕಳ್ಳರ ಸಂಘದೊಡನೆ ಇರುವ ನಂಟನ್ನು ತೋರಿಸುವ ಪತ್ರ ತೆಗೆಯಬೇಕು. ಸ್ಟಾರ್ಮ್‌ಕ್ಲೋಕ್‌ನವರು ಮಾರ್ಕಾರ್ತ್‌ನ ಅಂಡರ್‌ಸ್ಟೋನ್ ಕೀಪ್‌ನಲ್ಲಿ ಮೇಲ್ವಿಚಾರಕ ರೇರೆಕ್‌ನ ಕೋಣೆಯಿಂದ, ಸಾಮ್ರಾಜ್ಯ ಪೂಜೆ ನಿಷೇಧಿಸಿರುವ ದೇವರಾದ ಟ್ಯಾಲೋಸ್‌ನ ತಾಯಿತ ತೆಗೆಯಬೇಕು. ಯಾರ ಕಣ್ಣಿಗಾದರೂ ಬಿದ್ದರೆ ದಂಡ ಬೀಳುತ್ತದೆ, ಆದ್ದರಿಂದ ಬಗ್ಗಿ ನಡೆದು, ಕಣ್ಣಿನ ಗುರುತು ಮುಚ್ಚಿದಾಗ ಮಾತ್ರ ಕೈಹಾಕಿ. ಸಾಕ್ಷ್ಯ ತೋರಿಸಿ ಒಪ್ಪಿಸಿದ ಮೇಲೆ ಸಾಗಣೆಯ ಬಂಡಿಯೊಂದರ ಮೇಲೆ ದಾಳಿ ನಡೆಯುತ್ತದೆ.

ಸೆರೆಯಾಳುಗಳ ಬಿಡುಗಡೆಯ ಕ್ವೆಸ್ಟ್‌ಗಳಲ್ಲಿ ಕೋಟೆಯ ಮುಂಬಾಗಿಲು ಮುಟ್ಟಬಾರದು. ಹೊರಗೆ ಕಾಯು‍ತ್ತಿರುವ ಹಾಡ್ವರ್ ಅಥವಾ ರಾಲೋಫ್ ಒಳನುಗ್ಗುವ ಗುಪ್ತ ದಾರಿಯ ವಿಷಯ ಹೇಳುತ್ತಾರೆ, ಅದರಲ್ಲಿಯೇ ಹೋಗಿ ಸೆರೆಮನೆ ತೆರೆಯಬೇಕು. ಬಿಡುಗಡೆಯಾದವರು ಆಯುಧ ಹಿಡಿದು ಜತೆಗೂಡುವವರೆಗೂ ಕಾಯಿರಿ. ಒಬ್ಬರೇ ಅಂಗಳಕ್ಕೆ ಹಾರಿದರೆ ಇಡೀ ಕಾವಲುಪಡೆ ನಿಮ್ಮೊಬ್ಬರ ಮೇಲೆಯೇ ಬೀಳುತ್ತದೆ.

ಹಂತ 7: ಕೋಟೆಯ ಕದನ, ಮತ್ತು ಇಳಿಯದ ಶೇಕಡಾವಾರು

ಕೋಟೆಯ ಕದನಗಳಲ್ಲಿ ನಿಮ್ಮ ಸೈನಿಕರು ಕೋಟೆಯಿಂದ ಸ್ವಲ್ಪ ದೂರದಲ್ಲಿ ಸೇರಿರುತ್ತಾರೆ. ಮೊದಲು ಅವರ ಬಳಿಗೇ ಹೋಗಿ. ಬೇರೆ ದಿಕ್ಕಿನಿಂದ ಬಂದು ಮೊದಲೇ ಬಾಣ ಬಿಟ್ಟರೆ ಅವರು ಅಲ್ಲಿಯೇ ನಿಂತುಬಿಡಬಹುದು, ಕದನ ಶುರುವಾಗಿಲ್ಲವೆಂದೇ ಆಟ ತಿಳಿದುಕೊಂಡಿರಬಹುದು.

ಶೇಕಡಾವಾರು ಐದಕ್ಕೋ ಹತ್ತಕ್ಕೋ ಬಂದು ನಿಂತರೆ ಶತ್ರುಗಳು ಉಳಿದಿದ್ದಾರೆ, ನಿಮ್ಮ ಕಣ್ಣಿಗೆ ಕಾಣುತ್ತಿಲ್ಲ ಎಂದರ್ಥ. ಗೋಡೆಯ ಮೇಲಿನ ಓಡಾಟದ ದಾರಿ, ಗೋಪುರದ ತುದಿ, ಕೋಟೆಯ ಹಿಂಬದಿಯ ಬಂಡೆಗಳ ಸಂದು ಇವುಗಳನ್ನು ಒಂದು ಸುತ್ತು ನೋಡಿ. ದಿಕ್ಸೂಚಿಯ ಪಟ್ಟಿಯ ಮೇಲಿನ ಕೆಂಪು ಚುಕ್ಕೆ ದಾರಿ ತೋರಿಸುತ್ತದೆ. ಅಷ್ಟಾದರೂ ಸಿಗದಿದ್ದರೆ ಸೇವ್ ಮಾಡಿ ಅದನ್ನೇ ಮತ್ತೆ ಲೋಡ್ ಮಾಡಿ. ಅದೂ ಫಲ ಕೊಡದಿದ್ದರೆ ಕದನ ಶುರುವಾಗುವ ಮುಂಚಿನ ಸೇವ್‌ಗೆ ಮರಳುವುದೇ ಸರಿಯಾದ ದಾರಿ.

ಹಂತ 8: ಕೊನೆಯ ಮುತ್ತಿಗೆ

ರಾಜಧಾನಿಯ ಮುತ್ತಿಗೆಯಲ್ಲಿ ಅಡ್ಡಗಟ್ಟೆಗಳು ದಾರಿಯನ್ನು ಸುತ್ತಿಸಿ ಒಯ್ಯುತ್ತವೆ. ಬೀದಿ ಮುಚ್ಚಿದೆಯೆಂದರೆ ಅದು ಮುರಿಯಬೇಕಾದ ಮರವೋ ಸುತ್ತಿ ಹೋಗಬೇಕಾದ ಕಲ್ಲೋ ಎಂದು ಮಾರ್ಕರ್ ನೋಡಿ ತಿಳಿಯಿರಿ. ಎದುರು ಪಕ್ಷದ ನಾಯಕನಿರುವ ಕೋಣೆಯೊಳಗೆ ಹೋದ ಮೇಲೆ ಸಾಮ್ರಾಜ್ಯದವರಿಗೆ ಉಲ್ಫ್ರಿಕ್ ಮತ್ತು ಗಾಲ್ಮರ್, ಸ್ಟಾರ್ಮ್‌ಕ್ಲೋಕ್‌ನವರಿಗೆ ಟುಲಿಯಸ್ ಮತ್ತು ರಿಕ್ಕೆ ಎದುರಾಗುತ್ತಾರೆ. ಹೋರಾಟ ಶುರುವಾಗುವ ಮುನ್ನ ನಡೆಯುವ ಮಾತನ್ನು ಕಡಿಯಬೇಡಿ. ಸೋತ ನಾಯಕನನ್ನು ಕೊಲ್ಲುವ ಕೆಲಸವನ್ನು ನೀವೇ ಮಾಡಬಹುದು ಅಥವಾ ನಿಮ್ಮ ಸೇನಾಪತಿಗೆ ಬಿಡಬಹುದು, ಎರಡರಿಂದಲೂ ಕ್ವೆಸ್ಟ್ ಮುಂದೆ ಹೋಗುತ್ತದೆ.

ಇಲ್ಲಿ ಅನೇಕರು ಯುದ್ಧ ಮುಗಿಯಿತೆಂದು ಫಾಸ್ಟ್ ಟ್ರಾವೆಲ್ (ನಕ್ಷೆಯಿಂದಲೇ ನೇರವಾಗಿ ಬೇರೆ ಊರಿಗೆ ಹೋಗುವುದು) ಮಾಡಿಬಿಡುತ್ತಾರೆ. ಮುಗಿದಿಲ್ಲ. ಹೊರಗಿನ ಅಂಗಳದಲ್ಲಿ ಸೈನಿಕರೆದುರು ನಡೆಯುವ ವಿಜಯಭಾಷಣವನ್ನು ನಿಂತು ಕೇಳಿದ ಮೇಲಷ್ಟೇ ಕ್ವೆಸ್ಟ್ ಪೂರ್ಣವಾಗುತ್ತದೆ. ಗೆದ್ದ ಮೇಲೂ ಬೆಟ್ಟಗುಡ್ಡಗಳಲ್ಲಿ ಸೋತ ಪಕ್ಷದ ಶಿಬಿರಗಳು ಉಳಿದಿರುತ್ತವೆ. ಅದು ದೋಷವಲ್ಲ, ಅವನ್ನು ತೆರವು ಮಾಡುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು.

ಸಿಕ್ಕಿಕೊಂಡರೆ ಏನು ಮಾಡಬೇಕು

ಮೊದಲು ಜರ್ನಲ್‌ನ ಕೊನೆಯ ಸಾಲನ್ನು ನಿಧಾನವಾಗಿ ಓದಿ. ಅದು ಹೇಳುವ ವ್ಯಕ್ತಿಯನ್ನು ಬಿಟ್ಟು ಬೇರೆಯವರನ್ನು ಮಾತಾಡಿಸುತ್ತಿರುವುದೇ ಬಹಳ ಸಲ ಕಾರಣವಾಗಿರುತ್ತದೆ. ಎರಡನೆಯದಾಗಿ ಮಾಡ್‌ಗಳನ್ನು, ಅಂದರೆ ಆಟವನ್ನು ಬದಲಿಸಲು ಬೇರೆಯವರು ಮಾಡಿದ ಸೇರ್ಪಡೆಗಳನ್ನು, ನೋಡಿ: ನಗರಗಳ ಗೋಡೆ, ಬಾಗಿಲುಗಳನ್ನು ಬದಲಿಸುವ ಮಾಡ್‌ಗಳು ಮುತ್ತಿಗೆಯ ಅಡ್ಡಗಟ್ಟೆಗಳಿಗೆ ಅಡ್ಡ ಬರುತ್ತವೆ. ಯುದ್ಧದ ನಡುವೆ ಮಾಡ್ ಹಾಕುವುದೂ ಬೇಡ, ತೆಗೆಯುವುದೂ ಬೇಡ.

ಕಂಪ್ಯೂಟರ್‌ನಲ್ಲಿ ಆಡುವವರು ಕನ್ಸೋಲ್ ಆದೇಶಗಳಿಂದ ಕ್ವೆಸ್ಟ್‌ನ ಹಂತವನ್ನು ಬಲವಂತವಾಗಿ ಮುಂದಕ್ಕೆ ತಳ್ಳಬಹುದು. ಬೇರೆ ಕ್ವೆಸ್ಟ್‌ಗಳಿಗೆ ಅದು ಒಳ್ಳೆಯ ಉಪಾಯವೇ ಇರಬಹುದು, ಅಂತರ್ಯುದ್ಧಕ್ಕೆ ಮಾತ್ರ ನಾನು ಅದನ್ನು ಸಲಹೆ ಮಾಡುವುದಿಲ್ಲ. ಒಂದು ಪ್ರಾಂತ್ಯದ ಗೆಲುವಿನ ಹಿಂದೆ ಯಾರ್ಲ್‌ನ ಬದಲಾವಣೆ, ಕಾವಲುಗಾರರ ಬದಲಾವಣೆ, ಶಿಬಿರಗಳ ಸ್ಥಳಾಂತರ ಇವೆಲ್ಲ ಒಟ್ಟಿಗೆ ನಡೆಯಬೇಕು. ಹಂತವನ್ನು ಮಾತ್ರ ಹಾರಿಸಿದರೆ ಕೋಟೆಯ ಮೇಲೆ ನಿಮ್ಮ ಬಾವುಟ, ಅರಮನೆಯಲ್ಲಿ ಹಳೆಯ ಯಾರ್ಲ್ ಎಂಬ ಸ್ಥಿತಿ ಉಂಟಾಗಿ ಮುಂದಿನ ಪ್ರಾಂತ್ಯದಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತೀರಿ. ಹಂತದ ಆರಂಭದಲ್ಲಿ ಮಾಡಿಟ್ಟ ಸೇವ್‌ಗೆ ಮರಳಿ, ಬಿಟ್ಟುಹೋದ ಮಾತುಕತೆಯನ್ನು ಪೂರ್ತಿ ಮಾಡಿಕೊಂಡು ಬರುವುದಕ್ಕೆ ಕನ್ಸೋಲ್‌ನೊಡನೆ ಗುದ್ದಾಡುವುದಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತದೆ.

ಯುದ್ಧ ಮುಗಿದ ಮೇಲೆ ಮುಖ್ಯ ಕಥೆಯನ್ನು ನಿಲ್ಲಿಸಿದ ಜಾಗದಿಂದ ಮತ್ತೆ ಎತ್ತಿಕೊಳ್ಳಿ. "ಅಲ್ಡುಯಿನ್ಸ್ ಬೇನ್" ಮುಗಿಸಿ ಡ್ರ್ಯಾಗನ್ ಹಿಡಿಯುವ ಅನುಮತಿಗೆ ಹೋದಾಗ, ಸ್ಟಾರ್ಮ್‌ಕ್ಲೋಕ್ ಪಕ್ಷದಲ್ಲಿ ಗೆದ್ದವರು ಡ್ರ್ಯಾಗನ್ಸ್‌ರೀಚ್‌ನಲ್ಲಿ ಬಾಲ್‌ಗ್ರೂಫ್‌ನ ಬದಲು ವಿಗ್ನಾರ್‌ನನ್ನು ಮಾತಾಡಿಸಬೇಕು.